ಬಾರ್ ಪಕ್ಕ ಬಂದು ಕೂತ ಗಣಪ

ಒಂದು ಸೋಮವಾರ ಬೆಳಗ್ಗೆ ಹಾಲು ತರಲು ಹೋದವನು ದಾರಿಯಲ್ಲೇ ನಿಂತುಬಿಟ್ಟೆ. ನಮ್ಮ ಬೀದಿಯ ಬಾರ್ ಪಕ್ಕದ ಬೇವಿನ ಮರದ ಬುಡದಲ್ಲಿ ಗಣಪ ಕೂತಿದ್ದ. ಮೊಣಕಾಲೆತ್ತರ, ಕಪ್ಪು ಕಲ್ಲು. ಹಣೆಗೆ ಕುಂಕುಮ, ಕೊರಳಿಗೆ ಚೆಂಡು ಹೂವಿನ ಹಾರ. ಭಾನುವಾರ ಅದೇ ಜಾಗದಲ್ಲಿ ಇದ್ದದ್ದು ಖಾಲಿ ಬಾಟಲಿ ಮತ್ತು ಒಂದು ನಾಯಿ.

"ಸ್ವಾಮಿ ತಾನಾಗೇ ಎದ್ದವ್ನೆ ಸಾರ್" ಅಂದರು ಯಾರೋ.

ನೆಲದಿಂದ ಎದ್ದವನ ಮೈಮೇಲೆ ಒಂದು ಚೂರು ಮಣ್ಣು ಬೇಡವೇ? ಕಿವಿಯ ಮಡಿಕೆಯಲ್ಲಿ ಉಳಿಯೇಟಿನ ಕಲ್ಲುಪುಡಿ ಬೇರೆ, ಬೆಳ್ಳಗೆ! ನನಗೆ ಅಲ್ಲೇ ಅನುಮಾನ ಹುಟ್ಟಿತು. (ಅನುಮಾನ ನಿಮ್ಮ ಹುಟ್ಟುಗುಣ ಅಂತಾಳೆ ನನ್ನ ಹೆಂಡತಿ. ಅವಳ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ.)

ಅಂದಹಾಗೆ, ಈ ವಾರದ ಅಂಕಣದಲ್ಲಿ ಊರಿನ ಹೆಸರು ಹೇಳುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವುದಾದರೂ ಅಂದುಕೊಳ್ಳಿ. ನಾನು ಎಲ್ಲಿದ್ದೇನೆಂದು ಗೊತ್ತಿರುವವರು ಗೊತ್ತಿಲ್ಲದವರ ಹಾಗೆ ಓದಿ. ಜನರ ಹೆಸರೂ ನಾನು ಇಟ್ಟದ್ದೇ.

ಆ ಜಾಗಕ್ಕೊಂದು ಚರಿತ್ರೆ ಇದೆ. ಮೊದಲು ಅಲ್ಲಿದ್ದದ್ದು ಪಿಳ್ಳಪ್ಪನ ಸೇಂದಿ ಅಂಗಡಿ. ಮಣ್ಣಿನ ಗೋಡೆ, ಕೂರಲು ಈಚಲ ಚಾಪೆ. ಪಿಳ್ಳಪ್ಪ ಹೋದ ಮೇಲೆ ಮಗ ನಾರಾಯಣಸ್ವಾಮಿ ಅಲ್ಲೇ ಸಾರಾಯಿ ಮಾರಿದ. ಸರ್ಕಾರ ಸಾರಾಯಿ ನಿಲ್ಲಿಸಿತು. ಇನ್ನಾದರೂ ಬೀದಿ ತಣ್ಣಗಾಗುತ್ತದೆ ಅಂದುಕೊಂಡೆವು. ಎಲ್ಲಿ? ಮೊಮ್ಮಗ ಮಂಜಣ್ಣ ಮಣ್ಣಿನ ಗೋಡೆ ಕೆಡವಿ, ಆರ್‌ಸಿಸಿ ಹಾಕಿಸಿ, ಚಿತ್ತೂರು ಕಡೆಯ ಭಾಸ್ಕರ್ ಎಂಬುವವನಿಗೆ ಬಾಡಿಗೆಗೆ ಕೊಟ್ಟ. ಬೋರ್ಡ್ ಬಿತ್ತು: ಶ್ರೀ ವೆಂಕಟೇಶ್ವರ ಬಾರ್ ಅಂಡ್ ರೆಸ್ಟೋರೆಂಟ್.

ಬೋರ್ಡ್ ಮೇಲೆ ದೇವರು ಅಷ್ಟು ವರ್ಷ ಇದ್ದ. ಆಗ ಯಾರಿಗೂ ಏನೂ ಅನ್ನಿಸಲಿಲ್ಲ. ಮರದ ಕೆಳಗೆ ಗಣಪ ಬಂದದ್ದೇ ತಡ, ಎಲ್ಲರಿಗೂ ಭಕ್ತಿ ಉಕ್ಕಿತು. ಕಟ್ಟೆ ಬಂತು, ಶೀಟು ಬಂತು, ಮೈಕೂ ಬಂತು. ದೇವಸ್ಥಾನದ ನೂರು ಮೀಟರ್ ಒಳಗೆ ಬಾರ್ ಇರಬಹುದೇ ಅಂತ ಒಂದು ಅರ್ಜಿಯೂ ಹೋಯಿತು. ಅಧಿಕಾರಿಗಳು ಟೇಪ್ ಹಿಡಿದು ಬಂದು ಅಳೆದರು. ಅಳೆಯಲು ಅಲ್ಲೇನಿತ್ತು, ಗಣಪ ಸೊಂಡಿಲು ಚಾಚಿದರೆ ಕೌಂಟರ್ ಸಿಗುತ್ತಿತ್ತು! ಶಟರ್ ಬಿತ್ತು. ಭಾಸ್ಕರನ ಕುರ್ಚಿ, ಫ್ರಿಜ್ ಎಲ್ಲ ಟೆಂಪೋ ಹತ್ತಿದವು.

ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಹೂವು ಕಟ್ಟುವ ಸರೋಜಮ್ಮ. ಗಂಡ ಪೇಂಟರ್. ಸಂಜೆ ಕೂಲಿ ಮುಗಿಸಿದವನು ಆ ಬಾಗಿಲಿಗೆ ಹೋಗಿಯೇ ಮನೆಗೆ ಹೋಗುತ್ತಿದ್ದ.

"ಈಗ ನೆಟ್ಟಗೆ ಮನೆಗ್ ಬರ್ತಾರೆ ಸಾರ್. ಬೈಪಾಸ್ ಬಾರ್ ತನಕ ನಡೆಯೋಕೆ ಸೋಮಾರಿತನ ಅವ್ರಿಗೆ" ಅಂತ ನಕ್ಕಳು. ಆಮೇಲೆ ದನಿ ಇಳಿಸಿ, "ಮಗಳು ಪಕ್ಕದ್ ಮನೇಲಿ ಮಲಗೋದು ಬಿಟ್ಟವ್ಳೆ. ಈಗ ನನ್ ಪಕ್ಕಾನೇ ಮಲಗ್ತಾಳೆ" ಅಂದಳು.

ಅಷ್ಟಕ್ಕೆ ನಾನು ಸುಮ್ಮನಾಗಬೇಕಿತ್ತು. ಆದರೆ ಬಾರ್ ಮುಂದೆ ಕಬಾಬ್ ಬಂಡಿ ಇಟ್ಟಿದ್ದ ಬಾಷಾ ಭಾಯ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. "ಏನ್ ಮಾಡೋದು ಸಾಬ್, ಗಣಪ ಬರೋಕ್ ಒಂದ್ ವಾರ ಮುಂಚೇನೇ ಜಾಗದ್ ಓನರು ಹೇಳಿದ್ರು, ಬಂಡಿಗೆ ಬೇರೆ ಜಾಗ ನೋಡ್ಕೋ ಭಾಯ್ ಅಂತ."

ವಾರ ಮುಂಚೆ! ಭೂಮಿಯಿಂದ ಏಳುವ ಗಣಪ ಮಂಜಣ್ಣನಿಗೆ ಮೊದಲೇ ಫೋನ್ ಮಾಡಿದ್ದನೇ?

ಮಾರನೇ ದಿನ ಮಂಜಣ್ಣ ದೊಡ್ಡ ಹಾರ ಹಿಡಿದು ಪೂಜೆಗೆ ಬಂದಿದ್ದ. "ಗಣಪ ಲಕ್ಷಣವಾಗಿದ್ದಾನೆ ಮಂಜಣ್ಣ" ಅಂದೆ, ಅಷ್ಟೇ. "ಅಯ್ಯೋ, ನಾನ್ ತಂದಿದ್ದಲ್ಲ ಸಾರ್!" ಅಂದ. ನೀನು ತಂದೆ ಅಂತ ಯಾರಪ್ಪ ಅಂದರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ರೀ, ಬಾರ್ ಮುಚ್ಚಿದ್ರೂ ನಿಮಗೆ ಹೊಟ್ಟೆನೋವಾ?" ಅಂತ ಹೆಂಡತಿ ರೇಗಿದಳು. "ಬೆಳಗಾಗೆದ್ದು ಬಾಗಿಲಲ್ಲಿ ಕಂಡೋರ ವಾಂತಿ ತೊಳೀತಿದ್ದೋಳು ನಾನು. ತೆಪ್ಪಗಿರಿ."

ತೆಪ್ಪಗೇ ಇದ್ದೆ. ಆದರೆ ಗೆಳೆಯನೊಬ್ಬ ತಮ್ಮೂರ ಗುಡಿಗೆ ಮೂರ್ತಿ ನೋಡಲು ಶಿಲ್ಪಿಗಳ ಊರು ಶಿವಾರಪಟ್ಟಣಕ್ಕೆ ಕರೆದ. ಹೋದೆ. ಅಲ್ಲಿ ಮನೆ ಮನೆಯಲ್ಲೂ ದೇವರುಗಳು ಅರ್ಧ ಮೈಯಲ್ಲಿ ಕೂತಿರುತ್ತಾರೆ. ಒಬ್ಬ ಶಿಲ್ಪಿಗೆ ನಮ್ಮ ಗಣಪನ ಫೋಟೊ ತೋರಿಸಿದೆ. "ನಮ್ ಕೆಲಸಾನೇ ಸಾರ್" ಅಂತ ಖುಷಿಯಿಂದ ತನ್ನ ಮೊಬೈಲ್ ತೆಗೆದ. ಮೂರ್ತಿ ಕೊಟ್ಟಾಗಲೆಲ್ಲ ಗಿರಾಕಿಯ ಜೊತೆ ಒಂದು ಫೋಟೊ ತೆಗೆದುಕೊಳ್ಳುತ್ತಾನಂತೆ. ಟೆಂಪೋದಲ್ಲಿ ಗಣಪ. ಪಕ್ಕದಲ್ಲಿ ಕೈ ಮುಗಿದುಕೊಂಡು ಹಲ್ಲು ಬಿಡುತ್ತಿರುವ ನಮ್ಮ ಮಂಜಣ್ಣ!

ಕಾರಣ ಊಹಿಸಲು ಕಷ್ಟವೇ? ಮಂಜಣ್ಣ ಎಷ್ಟು ಹೇಳಿದರೂ ಭಾಸ್ಕರ ಜಾಗ ಖಾಲಿ ಮಾಡುತ್ತಿರಲಿಲ್ಲ. ಕೋರ್ಟಿಗೆ ಹೋದರೆ ಮುಗಿಯುವ ಮಾತಲ್ಲ. ದೇವರನ್ನು ಕರೆತಂದ, ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಈ ವಾರ ಹೆಸರು, ಫೋಟೊ ಸಮೇತ ಬರೆದೇ ಬಿಡುತ್ತೇನೆ ಅಂತ ವಾಪಸು ಬಂದೆ. ಮೊದಲು ಸಿಕ್ಕವಳು ಸರೋಜಮ್ಮ. ಅವಳಿಗೆ ಎಲ್ಲ ಹೇಳಿದೆ.

ಹೂವು ಕಟ್ಟುತ್ತಿದ್ದ ಕೈ ನಿಂತುಹೋಯಿತು.

"ಬರೀಬೇಡಿ ಸಾರ್, ನಿಮ್ ಕಾಲಿಗ್ ಬೀಳ್ತೀನಿ. ಆ ಭಾಸ್ಕರ ಪೇಪರ್ ಹಿಡ್ಕೊಂಡು ಕೋರ್ಟಿಗೋಗ್ತಾನೆ. ಗಣಪನ್ನ ಎತ್ತಿಸ್ತಾರೆ, ಶಟರ್ ತೆಗೀತಾರೆ. ನನ್ ಮಗಳು ಮತ್ತೆ ಪಕ್ಕದ್ ಮನೆಗೋಗ್ಬೇಕಾ?"

"ಅಲ್ಲಮ್ಮ, ಕಳ್ಳ ತಂದಿಟ್ಟ ಗಣಪ ಅದು!"

"ತಂದೋನು ಕಳ್ಳ ಇರ್ಬೋದು ಸಾರ್. ಬಂದೋನು ದೇವ್ರೇ ತಾನೇ?"

ಇದಕ್ಕೆ ಏನು ಹೇಳುತ್ತೀರಿ? ಹೆಸರು, ಫೋಟೊ ಎರಡನ್ನೂ ಕೈಬಿಟ್ಟೆ. ಊರಿನ ಹೆಸರು ಯಾಕೆ ನುಂಗಿದೆ ಅಂತ ಈಗ ಗೊತ್ತಾಯಿತಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಿನ್ನೆ ಬೆಳಗ್ಗೆ ಮಂಜಣ್ಣ ಇನ್ನೊಬ್ಬನನ್ನು ಕರೆದುಕೊಂಡು ಬಂದ. ಗಣಪನಿಗೆ ಕೈ ಮುಗಿದ, ಗಲ್ಲ ಬಡಿದುಕೊಂಡ. ಆಮೇಲೆ ಕಟ್ಟೆಯ ಅಂಚಿಗೆ ಅವನ ಕೈಯಲ್ಲಿ ಟೇಪ್ ಹಿಡಿಸಿ, ಬೀದಿಯ ಆ ತುದಿಯವರೆಗೆ ಅಳೆಯುತ್ತ ಹೋದ. ಅಲ್ಲಿ ಅವನದೇ ಇನ್ನೊಂದು ಸೈಟ್ ಇದೆ. ಅದಕ್ಕಂಟಿಕೊಂಡೇ ಸರೋಜಮ್ಮನ ಮನೆ. ನೂರು ಮೀಟರ್ ದಾಟಿದ್ದು ಖಾತ್ರಿಯಾದ ಮೇಲೆ ಒಂದು ಗೂಟ ಹೊಡೆಸಿದ.

"ಏನು ಮಂಜಣ್ಣ ಇದು?"

"ಏನಿಲ್ಲ ಸಾರ್, ಫ್ಯಾಮಿಲಿ ರೆಸ್ಟೋರೆಂಟು, ಎಸಿ. ಈ ಸಲ ಬಾಡಿಗೆಗಿಲ್ಲ, ನಾನೇ ನಡೆಸ್ತೀನಿ. ಗಣಪನಿಗೆ ತೊಂದ್ರೆ ಆಗ್ಬಾರ್ದು ನೋಡಿ, ಅದಕ್ಕೇ ದೂರ ಅಳೀತಿದೀನಿ."

ಸರೋಜಮ್ಮ ಆ ಗೂಟವನ್ನೇ ನೋಡುತ್ತ ನಿಂತಿದ್ದಳು. ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. ಮಂಜಣ್ಣ ಬೈಕ್ ಹತ್ತಿ ಹೋಗುವವರೆಗೂ ಕಾದು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಸಾರ್, ಚಿಕ್ ಗಣಪ ಆದ್ರೆ, ಶಿವಾರಪಟ್ಟಣದಲ್ಲಿ ಎಷ್ಟು ದಿನಕ್ಕೆ ಮಾಡ್ಕೊಡ್ತಾರೆ?"