ಒಂದು ಕೂದಲಿನಷ್ಟು ಸಡಿಲ

ನನ್ನನ್ನು ಕೇಳದೆ ಮನೆಯ ಯಾವ ಸಾಮಾನನ್ನೂ ನನ್ನ ಗಂಡ ಬಿಚ್ಚುತ್ತಿರಲಿಲ್ಲ. ಮದುವೆಯ ಹೊಸದರಲ್ಲಿ ತವರಿನವರು ಕೊಟ್ಟ ಮಿಕ್ಸರನ್ನು ಬಿಚ್ಚಿ ನೆಲದ ಮೇಲೆ ಹರವಿಕೊಂಡು ಕೂತಿದ್ದಕ್ಕೆ ನಾನು ಮೂರು ದಿನ ಮಾತು ಬಿಟ್ಟಿದ್ದೆ. ಅಂದಿನಿಂದ ಈ ನೇಮ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು "ಬಿಚ್ಚಲೇನು?" ಎಂದು ಕೇಳುವರು. ನಾನು ಹೂಂ ಅಂದರೆ ಬಿಚ್ಚುವುದು, ಊಹೂಂ ಅಂದರೆ ಇಲ್ಲ. ಫ್ಯಾನು, ಇಸ್ತ್ರಿಪೆಟ್ಟಿಗೆ, ಬೇಸಿಗೆಯ ಕೂಲರು, ಎಲ್ಲಕ್ಕೂ ನನ್ನ ಹೂಂ ಬಿದ್ದಿದೆ. ಮೋಟಾರ್‌ಸೈಕಲ್ಲಿನ ಎಂಜಿನ್ನಿಗೂ ನಾನೇ ಹೂಂ ಅಂದೆ.

ಅವರು ಗದಗಿನ ಕಡೆಯವರು. ನಾಗಪುರದ ಸರಕಾರಿ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ಮೂವತ್ತು ವರ್ಷಕ್ಕೂ ಮಿಕ್ಕಿ ಲೇಥಿನ ಮುಂದೆ ನಿಂತವರು. ರಿಟೈರಾದ ಮೇಲೆ ಸುಮ್ಮನೆ ಕೂರಲಾಗದೆ ಊರಾಚೆ ಕಳಮೇಶ್ವರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತಯಾರಾದ ಸಾಮಾನಿನ ಅಳತೆ ನೋಡುವ ಕೆಲಸ ಹಿಡಿದರು. ನಾನು ಅದೇ ಎಸ್ಟೇಟಿನ ಮಸಾಲೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದೆ. ದಿನಾ ಒಂದೇ ಗಾಡಿಯಲ್ಲಿ ಇಬ್ಬರೂ ಹೋಗಿ ಬರುತ್ತಿದ್ದೆವು.

ಅವರ ಬಲಗೈ ಹೆಬ್ಬೆರಳಿನ ಬಗ್ಗೆ ಹೇಳದಿದ್ದರೆ ಈ ಕತೆ ತಿಳಿಯುವುದಿಲ್ಲ. ಕೊರೆದ ತೂತಿನೊಳಗೆ ಹೆಬ್ಬೆರಳು ಆಡಿಸಿ, ಎಲ್ಲಿ ಎಷ್ಟು ಹೆಚ್ಚಾಗಿದೆ, ಎಲ್ಲಿ ಕಡಿಮೆ ಎಂದು ಹೇಳಿಬಿಡುತ್ತಿದ್ದರು. ಆಮೇಲೆ ಅಳತೆಯ ಮೀಟರು ಹಚ್ಚಿದರೆ ಅಷ್ಟೇ ಇರುತ್ತಿತ್ತು. ಊಟಕ್ಕೆ ಕೂತಾಗಲೂ ರೊಟ್ಟಿಯ ಅಂಚು ಸವರಿ, "ಈ ಕಡೆ ಸ್ವಲ್ಪ ದಪ್ಪ ಆಗೇತಿ ನೋಡು" ಅನ್ನುವರು. ತಿನ್ನೋ ರೊಟ್ಟಿಗೂ ಇನ್‌ಸ್ಪೆಕ್ಷನ್ನೇನು ಎಂದು ನಾನು ಸಿಡುಕುತ್ತಿದ್ದೆ. ಒಳಗೊಳಗೆ ಹೆಮ್ಮೆಯೇ ಇತ್ತು.

ನಮ್ಮ ಗಾಡಿ ಹದಿನೆಂಟು ವರ್ಷದ್ದು. ಚಳಿಗಾಲದ ಬೆಳಿಗ್ಗೆಯೂ ಒಂದೇ ಕಿಕ್ಕಿಗೆ ಶುರುವಾಗುತ್ತಿತ್ತು. ಹೊಗೆಯಿಲ್ಲ, ಸದ್ದಿಲ್ಲ. ಒಂದೇ ಕೊರತೆಯೆಂದರೆ ನಿಧಾನ. ಇಬ್ಬರು ಕೂತು ಏರು ಹತ್ತಿದರೆ ಎಮ್ಮೆಯ ಹಾಗೆ ತನ್ನ ಗತಿಯಲ್ಲೇ ಹೋಗುತ್ತಿತ್ತು. ಒಂದು ಜನವರಿ ಬೆಳಿಗ್ಗೆ ಫ್ಲೈಓವರ್ ಮೇಲೆ ಸ್ಕೂಟಿಯಲ್ಲಿದ್ದ ಇಬ್ಬರು ಕಾಲೇಜು ಹುಡುಗಿಯರು ನಮ್ಮನ್ನು ದಾಟಿ ಹೋದರು. ಹಿಂದೆ ಕೂತವಳು ತಿರುಗಿ ನೋಡಿ ನಕ್ಕಳು. ನಾನು ಗಂಡನ ಕಿವಿಯ ಹತ್ತಿರ ಬಾಗಿ, "ಇಳದು ನಡಕೋತ ಹೋಗೂಣೇನ್ರಿ? ಜಲ್ದಿ ಮುಟ್ಟತೇವಿ" ಅಂದೆ.

ಅವರು ನಗಲಿಲ್ಲ. ನನ್ನ ಬಾಯಿಗೆ ಅಂದಿನ ಮಟ್ಟಿಗಾದರೂ ಬೀಗ ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ.

ಆ ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ನಿಂತು "ಗಾಡಿ ಎಂಜಿನ್ ಬಿಚ್ಚಲೇನು? ದೊಡ್ಡ ಪಿಸ್ಟನ್ ಹಾಕತೇನಿ, ಜೋರ್ ಓಡತೈತಿ" ಅಂದರು. ಚೆನ್ನಾಗಿ ಓಡುವ ಗಾಡಿಗೆ ಯಾಕೆ ಕೈ ಹಚ್ಚುತ್ತೀರಿ ಎಂದು ನಾನು ಕೇಳಬೇಕಿತ್ತು. ಹಂಚಿನ ಮೇಲೆ ರೊಟ್ಟಿ ಇತ್ತು. ತಿರುಗಿಯೂ ನೋಡದೆ ಹೂಂ ಅಂದೆ.

ಪಿಸ್ಟನ್ ತರಲು ಇತವಾರಿ ಪೇಟೆಗೆ ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯ ಮುದುಕ ಹಳೆಯ ಮಿಸ್ತ್ರಿ. ಗಾಡಿಯ ಸದ್ದು ಕೇಳಿ, ಇದಕ್ಕೇನಾಗಿದೆ ಅಂತ ಬಿಚ್ಚುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ಇವರು ಕೇಳುವವರಲ್ಲ ಎಂದು ಗೊತ್ತಾದ ಮೇಲೆ ಇನ್ನೊಂದು ಮಾತು ಹೇಳಿದ. ದೊಡ್ಡ ಪಿಸ್ಟನ್ ಬಿಸಿಗೆ ಹೆಚ್ಚು ಉಬ್ಬುತ್ತದೆ, ಸಿಲಿಂಡರನ್ನು ಲೆಕ್ಕಕ್ಕಿಂತ ಒಂದು ಕೂದಲಿನಷ್ಟು ಸಡಿಲ ಕೊರೆಸಿ. "ಸಾಬ್, ಯೇ ನಾಗ್‌ಪುರ್ ಹೈ. ಮೇ ಮಹಿನಾ ಆನೇ ದೋ" ಅಂದ, ಮೇ ತಿಂಗಳ ಬಿಸಿಲು ಬರಲಿ, ಆಗ ತಿಳಿಯುತ್ತದೆ ಎಂಬಂತೆ. ಇವರು ನಕ್ಕರು. ಹೊರಗೆ ಬಂದ ಮೇಲೆ ನನಗೆ, "ಸಡಿಲ ಬಿಡೂದು ಕೆಲಸಗೇಡಿಗಳ ಕೆಲಸ. ಇಷ್ಟು ವರ್ಷದಾಗ ಒಂದು ಸಾಮಾನಾದ್ರೂ ಸಡಿಲ ಕಳಿಸೇನೇನು?" ಅಂದರು.

ನಿಜವೇ, ಕಳಿಸಿರಲಿಲ್ಲ. ಅವರ ಕಾರ್ಖಾನೆಯಲ್ಲಿ ಸಡಿಲ ಅನ್ನುವುದು ಬೈಗುಳವಾಗಿತ್ತು. ಅಲ್ಲಿ ಅಳತೆ ನೋಡುವ ಕೋಣೆಗೆ ಏಸಿ. ಹೊರಗೆ ಬೆಂಕಿ ಸುರಿದರೂ ಒಳಗೆ ಧಾರವಾಡದ ತಂಪು. ಕಳಮೇಶ್ವರದ ವರ್ಕ್‌ಶಾಪಿನಲ್ಲೂ ಅಂಥದೇ ಕೋಣೆ. ಪಿಸ್ಟನ್ ಜೊತೆಗೆ ಕೊಂಡು ತಂದ ಬೇರೆ ಸಿಲಿಂಡರನ್ನು ಅಲ್ಲೇ ಕೊರೆಸಿ, ಆ ತಂಪಿನಲ್ಲೇ ಪಿಸ್ಟನ್ನಿನ ಅಳತೆ ನೋಡಿ, ಹೆಬ್ಬೆರಳು ಆಡಿಸಿ, ಬಿಗಿಯಾಗಿ ಕೂರಿಸಿಕೊಂಡು ಬಂದರು. ತೆಗೆದ ಹಳೆಯ ಪಿಸ್ಟನ್ ಮತ್ತು ಸಿಲಿಂಡರಿಗೆ ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು.

ಗಾಡಿ ಹಾರಿತು. ಫೆಬ್ರುವರಿಯ ಚಳಿಯಲ್ಲಿ ನಾನು ಅವರ ಸೊಂಟ ಹಿಡಿದು ಕೂತಿರುತ್ತಿದ್ದೆ, ಎಷ್ಟು ಸ್ಕೂಟಿಗಳನ್ನು ಹಿಂದೆ ಹಾಕಿದೆವೋ. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ದಿನ ನಾನೂ ತಿರುಗಿ ನೋಡಿ ನಕ್ಕಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ನನಗೆ ತಲೆಸುತ್ತು ಬಂದು, ಅವರು ರಜೆ ಹಾಕಿ ನನ್ನನ್ನು ಮನೆಗೆ ಕರೆದುಕೊಂಡು ಹೊರಟರು. ದಿನವೂ ನಾವು ಬಿಸಿಲು ಇಳಿದ ಮೇಲೆಯೇ ಹೊರಡುತ್ತಿದ್ದೆವು. ಅಂದು ರಸ್ತೆಯಿಂದ ಏಳುವ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಮುಖಕ್ಕೆಲ್ಲ ದುಪಟ್ಟಾ ಸುತ್ತಿಕೊಂಡಿದ್ದೆ. ನನ್ನನ್ನು ಜಲ್ದಿ ಮನೆಗೆ ಮುಟ್ಟಿಸಬೇಕೆಂದು ಅವರು ಜೋರಾಗಿ ಓಡಿಸುತ್ತಿದ್ದರು. ಎಂಜಿನ್ನಿನಿಂದ ಒಂದು ಕೀರಲು ಸದ್ದು ಬಂತು, ಬಿಸಿಗೆ ಉಬ್ಬಿದ ಪಿಸ್ಟನ್ ಒಳಗೇ ಕಚ್ಚಿಕೊಂಡು ಹಿಂದಿನ ಚಕ್ರ ಗಕ್ಕನೆ ನಿಂತುಬಿಟ್ಟಿತು.

ಎಡಗೈಯಲ್ಲಿ ಕ್ಲಚ್ ಒತ್ತಿದ್ದರೆ ಚಕ್ರ ಬಿಡುತ್ತಿತ್ತು, ಗಾಡಿ ಉರುಳಿಕೊಂಡು ಹೋಗಿ ಬದಿಗೆ ನಿಲ್ಲುತ್ತಿತ್ತು. ಇದನ್ನು ಆಮೇಲೆ ಅವರೇ ನನಗೆ ಹೇಳಿದರು. ಆದರೆ ನಾನು ಬಲಕ್ಕೆ ಜಾರಿದ್ದೆ. ಅವರ ಬಲಗೈ ಹ್ಯಾಂಡಲ್ ಬಿಟ್ಟು ಹಿಂದೆ ಬಂದು ನನ್ನ ಮೊಣಕಾಲನ್ನು ಹಿಡಿದುಕೊಂಡಿತು. ಕ್ಲಚ್ಚಿನ ನೆನಪೇ ಆಗಲಿಲ್ಲವಂತೆ. ಗಾಡಿ ಬಲಕ್ಕೆ ಬಿದ್ದು ಟಾರಿನ ಮೇಲೆ ಉಜ್ಜಿಕೊಂಡು ಹೋಯಿತು. ಆ ಕೈ ಅದರ ಕೆಳಗಿತ್ತು. ನನಗೆ ಮೊಣಕೈ ತರಚಿತು, ಅಷ್ಟೇ.

ಬೆರಳುಗಳು ಉಳಿದವು. ಮಣಿಕಟ್ಟಿನ ಹತ್ತಿರ ನರ ಹರಿದಿದೆ ಎಂದರು ಡಾಕ್ಟರು. ಬೆರಳು ಅಷ್ಟಿಷ್ಟು ಮಡಚಬಹುದು, ಮುಟ್ಟಿದ್ದು ಗೊತ್ತಾಗುವುದಿಲ್ಲ. "ಹೆಬ್ಬೆರಳು?" ಎಂದು ಇವರು ಕೇಳಿದರು. ಡಾಕ್ಟರು ಹೆಬ್ಬೆರಳೂ ಅಷ್ಟೇ ಅಂದರು.

ವರ್ಕ್‌ಶಾಪಿನವರು ಆರಾಮ ಮಾಡಿ ಎಂದು ಮರ್ಯಾದೆಯಿಂದ ಹೇಳಿ ಕಳಿಸಿದರು. ಆಮೇಲೆ ಇವರು ಮನೆಯಲ್ಲಿ ಮೇಜಿನ ಅಂಚು, ಲೋಟದ ಬಾಯಿ, ಬಾಗಿಲ ಚೌಕಟ್ಟು ಸವರುತ್ತಾ ಓಡಾಡುತ್ತಿದ್ದರು. ಒಂದು ದಿನ ನಾನು ಹಿಟ್ಟು ನಾದುತ್ತಿದ್ದಾಗ ಚರ್ಮ ಸುಟ್ಟ ವಾಸನೆ ಬಂತು. ಹೆಬ್ಬೆರಳನ್ನು ಕಾದ ಹಂಚಿನ ಮೇಲೆ ಇಟ್ಟುಕೊಂಡು ನಿಂತಿದ್ದರು. ನಾನು ಕೈ ಎಳೆದುಕೊಂಡು ಬೋರೆಂದು ಅತ್ತೆ. ಅವರು ಬೊಬ್ಬೆ ಎದ್ದ ಬೆರಳನ್ನು ನೋಡುತ್ತಿದ್ದರು.

ನೋಡಲು ಬಂದವರು ಹಳೇ ಗಾಡಿ, ಏನು ಮಾಡೋದು ಅಂದರೆ ಇವರಿಗೆ ಸಿಟ್ಟು ಬರುತ್ತದೆ. "ಗಾಡಿ ಬರೋಬರ್ ಇತ್ತರಿ. ಅಳತೆ ತಪ್ಪಿದ್ದು ನಂದು" ಎನ್ನುತ್ತಾರೆ. ಫ್ಲೈಓವರಿನ ಮೇಲೆ ನಾನಾಡಿದ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ, ನನ್ನ ಮುಂದೆಯೂ ಎತ್ತಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈ ಸಲದ ಆಯುಧ ಪೂಜೆಗೆ ಎಂದಿನಂತೆ ನಾನೇ ಮಣೆ ತೊಳೆದಿಟ್ಟೆ. ಅವರು ಎಡಗೈಯಿಂದ ಟ್ರಂಕು ತೆಗೆದು ಪಾನಾಗಳನ್ನೂ ಅಳತೆಯ ಮೀಟರನ್ನೂ ಒಂದೊಂದಾಗಿ ಜೋಡಿಸಿದರು. ಕೊನೆಗೆ ಎಣ್ಣೆಕಾಗದದ ಆ ಗಂಟನ್ನು ಬಿಚ್ಚಿ ಹಳೆಯ ಸಿಲಿಂಡರನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಹೆಬ್ಬೆರಳು ಹಾಕಿ ಕೂತರು.

ಇನ್ನು ತಡೆಯಲಾಗದೆ ಕೇಳಿಯೇಬಿಟ್ಟೆ. "ನಾ ಅವತ್ತ ನಡಕೋತ ಹೋಗೂಣು ಅಂದದ್ದಕ್ಕ ಎಂಜಿನ್ ಬಿಚ್ಚಿದ್ರೇನ್ರಿ?"

"ಹೂಂ" ಅಂದರು.

ಆಮೇಲೆ ಸಿಲಿಂಡರನ್ನು ನನ್ನ ಕಡೆ ಚಾಚಿ, "ನೀ ನೋಡು. ಒಳಗ ಗೀರು ಐತೇನು?" ಎಂದು ಕೇಳಿದರು. ನಾನು ಬೆರಳು ಹಾಕಿ ಸುತ್ತಲೂ ಸವರಿದೆ.

"ಇಲ್ರಿ. ನುಣ್ಣಗ ಐತಿ."

"ಹದಿನೆಂಟು ವರ್ಷ ಓಡೇತಿ" ಅಂದು ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ನಾನು ಪಾನಾಗಳಿಗೆ ಅರಿಶಿನ ಕುಂಕುಮ ಹಚ್ಚಿದೆ, ಮೀಟರಿಗೆ ಹಚ್ಚಿದೆ, ಸಿಲಿಂಡರಿಗೂ ಹಚ್ಚಿದೆ. ಅವರ ಬಲಗೈ ಮಣೆಯ ಪಕ್ಕದಲ್ಲೇ ಅಂಗಾತ ಬಿದ್ದಿತ್ತು. ಹೆಬ್ಬೆರಳಿಗೂ ಹಚ್ಚಿದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು, ಅವರಿಗೆ ಗೊತ್ತಾಗಲಿಲ್ಲ.