ಎಂಟಿಲ್ಲದ ಸಂಖ್ಯೆ

ಕೆಲವರಿಗೆ ಇಷ್ಟದೇವರಿದ್ದಂತೆ ನನಗೊಂದು ಇಷ್ಟಸಂಖ್ಯೆ ಇದೆ: 1,23,45,679. ಒಂದರಿಂದ ಹೊರಟು, ಎಂಟನ್ನು ಮಾತ್ರ ಹಾರಿ, ಒಂಬತ್ತಕ್ಕೆ ಬಂದು ನಿಲ್ಲುವ ಸಂಖ್ಯೆ. ಇದನ್ನು ಒಂಬತ್ತರಿಂದ ಗುಣಿಸಿದರೆ ಬರೀ ಒಂದುಗಳು, ಹದಿನೆಂಟರಿಂದ ಗುಣಿಸಿದರೆ ಬರೀ ಎರಡುಗಳು. ಅಂಕೆಗಳನ್ನೆಲ್ಲ ಕೂಡಿದರೆ ಮೂವತ್ತೇಳು. ಆ ಮೂವತ್ತೇಳರಿಂದಲೇ ಇದು ಶೇಷವಿಲ್ಲದೆ ಭಾಗವಾಗುತ್ತದೆ. ವಿಮಾ ಕಚೇರಿಯಲ್ಲಿ ದಿನವಿಡೀ ಉಪಯೋಗದ ಸಂಖ್ಯೆಗಳ ಜೊತೆ ಏಗುವವನಿಗೆ ಯಾವ ಉಪಯೋಗಕ್ಕೂ ಬಾರದ ಸಂಖ್ಯೆಯ ಮೇಲೆ ಪ್ರೀತಿ ಹುಟ್ಟಿದ್ದು ಸಹಜವೇ. ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಇದನ್ನೂ ಬಡಿಸುತ್ತಿದ್ದೆ. ಎರಡನೇ ಸಲ ಬಂದವರು ಕಾಫಿಯೇ ಬೇಡವೆನ್ನುತ್ತಿದ್ದರು.

ಮೈಸೂರಿನಲ್ಲಿದ್ದಾಗ ನಾವು ರಾಹುಕಾಲ ನೋಡುತ್ತಿದ್ದೆವು, ಅಷ್ಟೆ. ವರ್ಗವಾಗಿ ಚೆನ್ನೈಗೆ ಬಂದು ವೆಸ್ಟ್ ಮಾಂಬಲಂನಲ್ಲಿ ಮನೆ ಮಾಡಿದ ಮೇಲೆ ನನ್ನ ಹೆಂಡತಿ ವಿಶಾಲು ಅಕ್ಕಪಕ್ಕದ ಮಾಮಿಗಳಿಂದ ವತ್ತಕೊಳಂಬೆಂಬ ಹುಳಿಯ ಜೊತೆಗೆ ಅಂಕೆ ಕೂಡುವುದನ್ನೂ ಕಲಿತಳು. ಮನೆ ನಂಬರು, ಫೋನ್ ನಂಬರು, ಎಲ್ಲದರ ಮೊತ್ತ ನೋಡಬೇಕು. ಎಂಟು ಬಂದರೆ ಅದು ಶನಿಯದು.

ಮಗಳು ಸುಮಾಗೆ ಪೋರೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ, ಓಡಾಡಲು ಸ್ಕೂಟರ್ ಕೊಂಡೆವು. ನಂಬರ್ ಬಂತು. ನಾಲ್ಕು ಅಂಕೆ ಕೂಡಿದರೆ ಹದಿನೇಳು. ಒಂದು, ಏಳು ಕೂಡಿದರೆ ಎಂಟು.

"ಅವಳು ಇದನ್ನ ಮುಟ್ಟಕೂಡದು ರೀ," ಎಂದಳು ವಿಶಾಲು.

"ಅಮ್ಮಾ, ಇದು ರೊಂಬ ಓವರ್," ಎಂದಳು ಸುಮಾ. ಸ್ಕೂಟರ್ ಮೆಟ್ಟಿಲ ಕೆಳಗೆ ಮುಸುಕು ಹಾಕಿಕೊಂಡು ನಿಂತಿತು. ಅವಳು ಎರಡು ಬಸ್ಸು ಬದಲಾಯಿಸಿ ಹೋಗಿ, ತಡವಾಗಿ ತಲುಪಿ, ದಿನಾ ಬೈಸಿಕೊಳ್ಳತೊಡಗಿದಳು. ಮನೆಯಲ್ಲಿ ಅಮ್ಮ ಮಗಳ ಮಾತು ನಿಂತಿತು. ನನಗೆ ಊಟ ಸೇರಲಿಲ್ಲ.

ಕೊನೆಗೆ ನನ್ನ ಸಂಖ್ಯೆಯನ್ನೇ ಕರೆದುಕೊಂಡು ಅಡುಗೆಮನೆಗೆ, ವಿಶಾಲು ಹತ್ತಿರ ಹೋದೆ. "ನೋಡು, ನನ್ನ ಸಂಖ್ಯೆ ಹುಟ್ಟೋದೇ ಹೀಗೆ. ಒಂದನ್ನ ಎಂಬತ್ತೊಂದರಿಂದ ಭಾಗಿಸಿದ್ರೆ ದಶಾಂಶ ಬಿಂದು ಆದ್ಮೇಲೆ ಸೊನ್ನೆ, ಒಂದು, ಎರಡು ಅಂತ ಸಾಲಾಗಿ ಬರ್ತಾವೆ. ಎಂಟೂ ಬರುತ್ತೆ, ಒಂಬತ್ತೂ ಬರುತ್ತೆ. ಆಮೇಲೆ ಹತ್ತು. ಒಂದೇ ಮನೇಲಿ ಹತ್ತು ಹಿಡಿಸಲ್ಲ, ದಶಕ ಒಂದು ಪಕ್ಕದ ಒಂಬತ್ತಕ್ಕೆ ಹೋಗುತ್ತೆ. ಅದೂ ಹತ್ತಾಗಿ, ತನ್ನ ದಶಕಾನ ಎಂಟಕ್ಕೆ ಕೊಡುತ್ತೆ. ಎಂಟು ಎಲ್ಲೂ ಓಡಿಹೋಗಿಲ್ಲ ಕಣೇ. ಒಂದು ಸೇರಿ ಒಂಬತ್ತಾಗಿ ಕೂತಿದೆ."

ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಇದನ್ನು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಸೌಟು ಕೆಳಗಿಟ್ಟಳು.

"ಎಂಟಕ್ಕೆ ಒಂದು ಸೇರಿದ್ರೆ ದೋಷ ಇಲ್ಲ, ಅಲ್ವಾ? ಹಾಗಾದ್ರೆ ನೀವೂ ಅವಳ ಹಿಂದೆ ಕೂತ್ಕೊಂಡು ಹೋಗಿ."

ಅವಳು ಹೆದರಿದ್ದು ಶನಿಗಲ್ಲ, ಲಾರಿಗಳು ಓಡಾಡುವ ಪೋರೂರು ರಸ್ತೆಯಲ್ಲಿ ಮಗಳು ಒಬ್ಬಳೇ ಹೋಗುವುದಕ್ಕೆ ಎಂಬುದು ನನ್ನ ಮಂದ ಬುದ್ಧಿಗೆ ಆಗ ಹೊಳೆಯಿತು. ಒಂದೇ ಒಂದು ದಿನ ಬರುತ್ತೇನೆ, ಮಾರನೆಯ ದಿನದಿಂದ ನಿನ್ನ ಪಾಡಿಗೆ ನೀನು ಹೋಗು ಎಂದು ಸುಮಾಗೆ ಗುಟ್ಟಾಗಿ ಮಾತು ಕೊಟ್ಟು ಹಿಂದಿನ ಸೀಟಿನಲ್ಲಿ ಕುಳಿತೆ. ಎಂಟಕ್ಕೆ ಸೇರಿದ ದಶಕ ನಾನೇ, ಐವತ್ತೆಂಟು ವರ್ಷದವನು.

ಸುಮಾ ಚೆನ್ನಾಗಿಯೇ ಓಡಿಸಿದಳು. ಪೋರೂರಿನ ಸಿಗ್ನಲ್ಲಿನಲ್ಲಿ ಮಣಲಿ ರಿಫೈನರಿ ಕಡೆಯ ಎಣ್ಣೆ ಟ್ಯಾಂಕರೊಂದು ನಮಗೆ ಒತ್ತಿಕೊಂಡು ಬಂದು ನಿಂತಿತು. ಅದರ ಚಕ್ರ ನನ್ನ ಭುಜದೆತ್ತರ. ನನಗೇ ತಿಳಿಯದಂತೆ ಅದರ ನಂಬರನ್ನು ಕೂಡಿದೆ. ಎಂಟು.

"ಅಪ್ಪಾ, ಭುಜ ಬಿಡಿ, ವಲಿಕ್ಕಿದು," ಎಂದಳು ಸುಮಾ. ನೋಯುವಷ್ಟು ಬಿಗಿಯಾಗಿ ಹಿಡಿದಿದ್ದೆ.

ಬಸ್ಸಿನಲ್ಲಿ ವಾಪಸಾದಾಗ ವಿಶಾಲು ಬಾಗಿಲಲ್ಲೇ ನಿಂತಿದ್ದಳು. "ಹೇಗಾಯ್ತು?"

"ಚೆನ್ನಾಗೇ ಓಡಿಸ್ತಾಳೆ," ಎಂದೆ. "ನಾಳೇನೂ ಹೋಗಿಬರ್ತೀನಿ."