ಆಮೆನ್ ಅನ್ನುವ ತನಕ

ನಾನು ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದೆ. ದಿನಾ ಬೆಟಗೇರಿಯಿಂದ ಬಸ್ಸಿನಲ್ಲಿ ಹೋಗಿ, ಮಕ್ಕಳ ಬೆನ್ನು ನೇರ ಮಾಡಿಸಿ, ಗಂಟಲು ಹರಿದುಕೊಂಡು ಮನೆಗೆ ಬರುತ್ತಿದ್ದೆ. ಊರ ಮಕ್ಕಳನ್ನೆಲ್ಲ ಓಡಿಸಿದವಳಿಗೆ ಮನೆಯ ಗಂಡನನ್ನು ಹೊಸ್ತಿಲು ದಾಟಿಸಿ ನಾಲ್ಕು ಹೆಜ್ಜೆ ನಡೆಸಲು ಆಗಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಹಾಗೆ.

ನನ್ನವರು ನಮ್ಮ ಚರ್ಚಿನ ಸಭೆಯ ಹಿರಿಯರು. ಬೆಳಗಿನ ಚಹಾಕ್ಕೂ ಮೊದಲು ಮಂಚದ ಪಕ್ಕ ಮೊಣಕಾಲೂರಿ, ಹಾಸಿಗೆಯ ಮೇಲೆ ಹಣೆಯಿಟ್ಟು, ತಲೆತುಂಬ ಶಾಲು ಹೊದ್ದು ಪ್ರಾರ್ಥನೆಗೆ ತೊಡಗಿದರೆಂದರೆ ಮನೆಯಲ್ಲಿ ಪಾತ್ರೆಯ ಸಪ್ಪಳವೂ ಆಗಬಾರದು. ಇದು ಮಾವನವರ ಕಾಲದಿಂದ ಬಂದ ಪದ್ಧತಿ. ಪ್ರಾರ್ಥಿಸುವವರನ್ನು ಕರೆಯಬಾರದು, ಮುಟ್ಟಬಾರದು. ಅವರು ಆಮೆನ್ ಅನ್ನುವ ತನಕ ಕಾಯಬೇಕು. ಬೀಗರು ಬಂದು ಬಾಗಿಲಲ್ಲಿ ನಿಂತರೂ ಅಷ್ಟೇ, ಒಲೆಯ ಮೇಲೆ ಹಾಲು ಉಕ್ಕಿದರೂ ಅಷ್ಟೇ.

ಕಳೆದ ವರ್ಷ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ದಿನಾ ನಡೆಯಬೇಕು, ಹೊಟ್ಟೆ ಖಾಲಿ ಬಿಡಬಾರದು ಎಂದರು ಡಾಕ್ಟರು. ನಾನು ಹೊಸ ಬೂಟು ತಂದಿಟ್ಟೆ. ಅವು ಬಾಗಿಲ ಹಿಂದೆ ಧೂಳು ತಿನ್ನುತ್ತ ಕೂತವು.

"ಮೈ ದಣಿಸಿ ಏನ್ ಮಾಡೂದೈತಿ? ನಾಳೆ ಮಣ್ಣಾಗೂ ಮೈ ಇದು. ಮೊಣಕಾಲೂರತೀನಲ್ಲ, ಅದ ನನ್ನ ಕಸರತ್ತು," ಅಂದರು.

"ಮಣ್ಣಾಗೂ ಮೈ ಅಂತ ರೊಟ್ಟಿ ತಿನ್ನೂದು ಬಿಟ್ಟೀರೇನ್ರಿ?" ಅಂದೆ.

ಶುಭ ಶುಕ್ರವಾರದ ಮುಂಚಿನ ಉಪವಾಸದ ದಿನಗಳು ಬಂದವು, ರೊಟ್ಟಿಯನ್ನೂ ಬಿಟ್ಟರು. ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ಬಿಡಲಿಲ್ಲ. ಗುಳಿಗೆ ಊಟವಲ್ಲವಲ್ಲ ಎಂಬುದು ಅವರ ವಾದ. ಆಗಿನಿಂದ ನನಗೆ ಹೆದರಿಕೆ ಹತ್ತಿತು. ಬೆಳಗಾದರೆ ಬಾಗಿಲಲ್ಲಿ ನಿಂತು, ಆ ಶಾಲು ಉಸಿರಿಗೆ ಏರಿಳಿಯುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. ಮಕ್ಕಳಿಗೆ ಉಸಿರಾಟ ಕಲಿಸಿದವಳು ನನ್ನ ಉಸಿರನ್ನೇ ಬಿಗಿಹಿಡಿದು ನಿಲ್ಲುತ್ತಿದ್ದೆ.

ಒಂದು ಬೆಳಿಗ್ಗೆ ಬಹಳ ಹೊತ್ತಾದರೂ ಆಮೆನ್ ಬರಲಿಲ್ಲ. ಚಹಾ ಆರಿತು. ಕಿಟಕಿಯ ಬಿಸಿಲು ಮಂಚದ ಕಾಲಿನವರೆಗೆ ಬಂತು. ದಪ್ಪ ಶಾಲು, ಏನೂ ಕಾಣದು. ಮುಟ್ಟಲೇ? ದೇವರ ಜೊತೆ ಮಾತಾಡುವವರ ನಡುವೆ ಬಾಯಿ ಹಾಕಿದಂತಾಗುತ್ತದೆ. ಮುಟ್ಟದಿದ್ದರೆ? ಅಷ್ಟು ದೊಡ್ಡ ಮೈದಾನ ಆಳಿದವಳಿಗೆ ಆ ಹೊಸ್ತಿಲು ದಾಟುವ ಧೈರ್ಯ ಬರಲಿಲ್ಲ. ಆಗ ಒಂದು ಉಪಾಯ ಹೊಳೆಯಿತು. ಒಬ್ಬರ ಪ್ರಾರ್ಥನೆಗೆ ಇನ್ನೊಬ್ಬರು ಆಮೆನ್ ಅನ್ನಬಹುದಲ್ಲ.

"ಆಮೆನ್," ಅಂದೆ ಮೆಲ್ಲಗೆ.

ಅವರು ಮಿಸುಕಲಿಲ್ಲ.

"ಆಮೆನ್!" ಎಂದು ಮೈದಾನದ ದನಿಯಲ್ಲಿ ಕೂಗಿದೆ. ಬೀದಿಯ ನಾಯಿ ಬೊಗಳಿತು. ಶಾಲು ಅಲುಗಲಿಲ್ಲ.

ಓಡಿಹೋಗಿ ಶಾಲು ಕಿತ್ತೆ. ಕುತ್ತಿಗೆ ತಣ್ಣಗಿತ್ತು, ಬೆವರಿನಿಂದ ತೊಯ್ದಿತ್ತು. ಅರ್ಧ ತೆರೆದ ಕಣ್ಣುಗಳು ನನ್ನನ್ನು ನೋಡುತ್ತಿರಲಿಲ್ಲ. ಖಾಲಿ ಹೊಟ್ಟೆಗೆ ಗುಳಿಗೆ ಬಿದ್ದು ಸಕ್ಕರೆ ಪೂರಾ ಇಳಿದಿತ್ತು. ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತಂದು, ಒದ್ದೆ ಬೆರಳನ್ನು ಅದರಲ್ಲಿ ಅದ್ದಿ ಒಸಡಿಗೆ ತಿಕ್ಕಿದೆ. "ಏಳ್ರಿ, ನನ್ನ ಬಿಟ್ಟು ಹೋಗಬ್ಯಾಡ್ರಿ," ಎಂದು ಅತ್ತೆ. ಎಷ್ಟು ಹೊತ್ತಿಗೋ ಅವರ ನಾಲಿಗೆ ನನ್ನ ಬೆರಳನ್ನು ನೆಕ್ಕಿತು. ಪಕ್ಕದ ಮನೆಯವರು ಆಟೋ ತಂದರು.

"ಇನ್ನ ಸ್ವಲ್ಪ ತಡಾ ಆಗಿದ್ರ ಕೈ ಮೀರತಿತ್ರಿ," ಅಂದರು ಆಸ್ಪತ್ರೆಯ ಡಾಕ್ಟರು. ನಾನು ಬಾಗಿಲಲ್ಲಿ ಕಾಯುತ್ತ ನಿಂತ ನಿಮಿಷಗಳನ್ನು ಲೆಕ್ಕ ಹಾಕಿದೆ.

ಮನೆಗೆ ಬಂದ ಮೇಲೆ ಅವರು ತಾವಾಗಿಯೇ ಬೂಟಿನ ಧೂಳು ಕೊಡವಿದರು. ನನ್ನ ಮುಖ ನೋಡದೆ ಹೇಳಿದರು: "ಅಷ್ಟೊತ್ತೂ ನಾ ದೇವರ ಕೂಡ ಇದ್ದೆ ಅನಕೊಂಡಿದ್ದಿ ಹೌದಿಲ್ಲೋ? ನಾ ಎಲ್ಲೂ ಇರಲಿಲ್ಲ. ಖರೇನ ಅಂಜಿಕಿ ಬಂದೈತಿ ನನಗ."

ಅವರ ಬಾಯಿಂದ ಅಂಜಿಕೆ ಎಂಬ ಮಾತನ್ನು ನಾನು ಎಂದೂ ಕೇಳಿರಲಿಲ್ಲ.

ಈಗ ಅವರು ನಾಷ್ಟಾ ಮಾಡಿಕೊಂಡು ನಮ್ಮ ಓಣಿಯ ಶಾಲೆಯ ಮೈದಾನದಲ್ಲಿ ನಡೆಯುತ್ತ ಪ್ರಾರ್ಥಿಸುತ್ತಾರೆ. ದನಿ ತೆಗೆದು ಪ್ರಾರ್ಥಿಸಬೇಕು ಎಂಬುದು ನನ್ನ ಕರಾರು. ಅವರು ಮುಂದೆ, ನಾನು ಹಿಂದೆ. ಸಭೆಯ ರೋಗಿಗಳಿಗಾಗಿ, ಪರೀಕ್ಷೆಯ ಮಕ್ಕಳಿಗಾಗಿ ಬೇಡಿಕೊಳ್ಳುತ್ತ ಹೋಗುತ್ತಾರೆ. ಒಮ್ಮೊಮ್ಮೆ ಬೇವಿನ ಮರದ ತಿರುವಿನಲ್ಲಿ ದನಿ ನಿಂತುಬಿಡುತ್ತದೆ. ನಾನು ಹೆಜ್ಜೆ ಬಿರುಸು ಮಾಡುತ್ತೇನೆ.

"ಆಮೆನ್ ಆತೇನ್ರಿ?" ಅನ್ನುತ್ತೇನೆ.

"ಇಲ್ಲ ತಡಿ, ದಮ್ಮು ತಗೊಳ್ಳಾಕತ್ತೀನಿ," ಅನ್ನುತ್ತಾರೆ.

ಪ್ರಾರ್ಥನೆಗೆ ಕಣ್ಣು ಮುಚ್ಚಬೇಕೆಂದು ಚಿಕ್ಕಂದಿನಲ್ಲಿ ಕಲಿತವಳು ನಾನು. ಈಗ ಅವರ ಬೆನ್ನಿನ ಮೇಲೆ ಕಣ್ಣಿಟ್ಟುಕೊಂಡೇ ಪ್ರಾರ್ಥಿಸುತ್ತೇನೆ.